ಫೈರ್ ಡ್ರಿಲ್ ಆಫೀಸಿಗೆ ಮಾತ್ರ ಸಾಕಾ?



ಮೊದಲು ಒಂದು ಸಣ್ಣ ಪ್ರಶ್ನೆ. ನಿಮ್ಮ ಆಫೀಸಿನಲ್ಲಿ ಬೆಂಕಿ ಅಲಾರಂ ಹೊಡೆದರೆ ಯಾವ ಮೆಟ್ಟಿಲಲ್ಲಿ ಇಳೀಬೇಕು, ಕೆಳಗೆ ಎಲ್ಲಿ ಹೋಗಿ ನಿಲ್ಲಬೇಕು ಅಂತ ಎಷ್ಟು ಜನರಿಗೆ ಗೊತ್ತು? ಕೈ ಎತ್ತಿ. ಸರಿ, ಮುಕ್ಕಾಲು ಪಾಲು ಜನ ಎತ್ತಿದ್ದೀರಿ. ಈಗ ಎರಡನೇ ಪ್ರಶ್ನೆ. ನಿಮ್ಮ ಮಗುವಿನ ಶಾಲೆಯಲ್ಲಿ ಅದೇ ಅಲಾರಂ ಹೊಡೆದರೆ, ಮಗು ಯಾವ ಮೆಟ್ಟಿಲಲ್ಲಿ ಇಳಿಯುತ್ತೆ? ನಾಲ್ಕೋ ಐದೋ ಕೈ ಕಾಣ್ತಿದೆ.

ನಾನು ಶಿವಮೊಗ್ಗದವಳು. ಎಂಟು ವರ್ಷದಿಂದ ಚೆನ್ನೈನಲ್ಲಿದ್ದೇನೆ, ಒಎಂಆರ್ ರಸ್ತೆಯ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಮಗಳು ಮೂರನೇ ಕ್ಲಾಸು. ಟೆಸ್ಟಿಂಗ್ ಮಾಡೋರ ಸ್ವಭಾವ ನಿಮಗೆ ಗೊತ್ತೇ ಇದೆ. "ಡಾಕ್ಯುಮೆಂಟಲ್ಲಿ ಇದೆಯಲ್ಲ" ಅಂತ ಡೆವಲಪರ್ ಹೇಳಿದರೆ ನಾವು ಒಪ್ಪಲ್ಲ. ಓಡಿಸಿ ತೋರಿಸು ಅಂತೀವಿ. ಶಾಲೆಯ ಸುರಕ್ಷತೆ ಬಗ್ಗೆ ಇವತ್ತು ನಾನು ಹೇಳಬೇಕು ಅಂತಿರೋದೂ ಇಷ್ಟೇ. ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆ ಇಲ್ಲ. ಅವನ್ನು ಓಡಿಸಿ ನೋಡುವವರ ಕೊರತೆ ಇದೆ. ಆ ಕೆಲಸದಲ್ಲಿ ಅಪ್ಪ ಅಮ್ಮಂದಿರಿಗೂ ಒಂದು ಪಾಲಿದೆ.

ಈ ನಿಯಮಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ಹೇಳ್ತೀನಿ. ಚೆನ್ನೈನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ ಕುಂಭಕೋಣಂ ಇದೆ. ನಮಗೆಲ್ಲ ಡಿಗ್ರಿ ಕಾಫಿ, ದೇವಸ್ಥಾನಗಳಿಂದ ಗೊತ್ತಿರುವ ಊರು. 2004ರ ಜುಲೈ 16, ಶುಕ್ರವಾರ ಬೆಳಿಗ್ಗೆ ಅಲ್ಲಿನ ಕಾಶಿರಾಮನ್ ಬೀದಿಯ ಒಂದು ಶಾಲಾ ಕಟ್ಟಡದಲ್ಲಿ ಮಧ್ಯಾಹ್ನದ ಊಟಕ್ಕೆ ಅಡುಗೆ ನಡೀತಿತ್ತು. ಅಡುಗೆಮನೆಯ ಬೆಂಕಿ ಗರಿ ಹೊದಿಸಿದ ಚಾವಣಿಗೆ ಹತ್ತಿತು. ಅಲ್ಲಿಂದ ಮೇಲಿನ ತರಗತಿಯ ಚಾವಣಿಗೆ. ಒಂದೇ ಕಟ್ಟಡದಲ್ಲಿ ಒಂದಕ್ಕಿಂತ ಹೆಚ್ಚು ಶಾಲೆ, ಇಕ್ಕಟ್ಟಾದ ಮೆಟ್ಟಿಲು, ಗಾಳಿ ಬೆಳಕಿಲ್ಲದ ಕೋಣೆಗಳು. ಉರಿಯುವ ಚಾವಣಿ ಮಕ್ಕಳ ಮೇಲೆ ಬಿತ್ತು. 94 ಮಕ್ಕಳು ಹೋದರು. ಹೆಚ್ಚಿನವರು ಪ್ರಾಥಮಿಕ ಶಾಲೆಯ ಮಕ್ಕಳು.

ಇದರಲ್ಲಿ ಒಂದು ಮಾತು ಗಮನಿಸಿ. ಗರಿಯ ಚಾವಣಿ ಎಲ್ಲರ ಕಣ್ಣಿಗೂ ಕಾಣ್ತಿತ್ತು. ಮೆಟ್ಟಿಲು ಕಿರಿದು ಅಂತ ದಿನಾ ಮಕ್ಕಳನ್ನು ಬಿಡಲು ಬರುವವರಿಗೆ ಗೊತ್ತಿತ್ತು. ಗುಟ್ಟಾಗಿದ್ದದ್ದು ಯಾವುದೂ ಇರಲಿಲ್ಲ. ಅದೇ ಕಟ್ಟಡಕ್ಕೆ ಅಧಿಕಾರಿಗಳು ಅನುಮತಿ ಕೊಟ್ಟಿದ್ದರು. ಕೆಳ ನ್ಯಾಯಾಲಯದ ತೀರ್ಪು ಬರೋಕೇ ಹತ್ತು ವರ್ಷ ಬೇಕಾಯ್ತು. 2014ರ ಜುಲೈನಲ್ಲಿ ತಂಜಾವೂರಿನ ನ್ಯಾಯಾಲಯ ಶಾಲೆಯ ಸ್ಥಾಪಕರೂ ಸೇರಿ ಹತ್ತು ಜನರನ್ನು ಅಪರಾಧಿಗಳು ಅಂತ ಹೇಳಿತು. ಆ ಅಪ್ಪ ಅಮ್ಮಂದಿರು ಈಗಲೂ ಪ್ರತಿ ಜುಲೈ 16ಕ್ಕೆ ಮಕ್ಕಳ ಫೋಟೋ ಇಟ್ಟು ದೀಪ ಹಚ್ಚುತ್ತಾರೆ.

ಅದೇ 2004ರಲ್ಲಿ ಅವಿನಾಶ್ ಮೆಹ್ರೋತ್ರಾ ಎನ್ನುವವರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕುಂಭಕೋಣಂನಲ್ಲಿ ಆಗಿದ್ದು ಯಾವ ಊರಿನಲ್ಲಾದರೂ ಆಗಬಹುದು, ಹಾಗಾಗಿ ಇಡೀ ದೇಶದ ಶಾಲೆಗಳಿಗೆ ಒಂದು ಅಳತೆಗೋಲು ಬೇಕು ಅನ್ನೋದು ಅದರ ತಿರುಳು. 2009ರ ಏಪ್ರಿಲ್ 13ಕ್ಕೆ ತೀರ್ಪು ಬಂತು. ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕು ಅಂತ ಕೋರ್ಟು ಹೇಳಿತು. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಶಾಲೆಗೂ ಆರು ತಿಂಗಳಲ್ಲಿ ಬೆಂಕಿ ಆರಿಸುವ ಸಾಧನ ಬರಬೇಕು. ಅದನ್ನು ಬಳಸೋದನ್ನು ಸಿಬ್ಬಂದಿಗೆ ಕಲಿಸಬೇಕು. ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇದೆಯಾ ಅಂತ ನೋಡಿಯೇ ಮಾನ್ಯತೆ ಕೊಡಬೇಕು. ಬೆಂಕಿ ಹತ್ತುವ, ವಿಷವಾಗುವ ಪದಾರ್ಥ ಶಾಲೆಯಲ್ಲಿ ಇಡಬಾರದು, ಇಡಲೇಬೇಕಾದರೆ ಜೋಪಾನವಾಗಿ ಇಡಬೇಕು.

ವಿಷದ ವಿಷಯ ಬಂತಲ್ಲ. ತೀರ್ಪು ಬಂದು ನಾಲ್ಕು ವರ್ಷದ ಮೇಲೆ, 2013ರಲ್ಲಿ, ಮತ್ತೆ ಅದೇ ಜುಲೈ 16. ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಸೇರಿತ್ತು. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಬೇಕು ಅನ್ನೋ ನಿಯಮ ಬಿಸಿಯೂಟಕ್ಕೆ ಇದ್ದೇ ಇದೆ. ಒಂದು ಚಮಚ ಬಾಯಿಗೆ ಹಾಕಿಕೊಳ್ಳುವಷ್ಟು ಕೆಲಸ. ನಿಯಮ ಕಾಗದದಲ್ಲಿ ಇರೋದಕ್ಕೂ ಯಾರಾದರೂ ದಿನಾ ಅದನ್ನು ಮಾಡೋದಕ್ಕೂ ಎಷ್ಟು ದೂರ ಅಂತ ಇದರಿಂದ ತಿಳಿಯುತ್ತೆ.

ಇನ್ನೊಂದು ವಿಷಯ ಮಾತಾಡೋಕೆ ಕಷ್ಟ, ಆದರೂ ಮಾತಾಡಲೇಬೇಕು. ಮುಂಬೈ, ಪುಣೆಯಿಂದ ನೋಡ್ತಿರೋರಿಗೆ ಬದ್ಲಾಪುರ ನೆನಪಿರುತ್ತೆ. 2024ರ ಆಗಸ್ಟ್‌ನಲ್ಲಿ ಶಿಶುವಿಹಾರದ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಶಾಲೆಯೊಳಗೇ ಲೈಂಗಿಕ ದೌರ್ಜನ್ಯ ನಡೆದಿದೆ, ಮಾಡಿದವನು ಅಲ್ಲಿನ ಸ್ವಚ್ಛತಾ ಕೆಲಸಗಾರ ಅನ್ನೋ ಆರೋಪ ಬಂತು. ಜನ ರೈಲು ಹಳಿ ಮೇಲೆ ಕೂತರು. ಬಾಂಬೆ ಹೈಕೋರ್ಟ್ ತಾನೇ ಕೇಸು ಕೈಗೆತ್ತಿಕೊಂಡು, ತಡ ಮಾಡಿದ ಪೊಲೀಸರನ್ನೂ ಪೊಲೀಸರಿಗೆ ತಿಳಿಸದ ಶಾಲೆಯನ್ನೂ ತರಾಟೆಗೆ ತೆಗೆದುಕೊಂಡಿತು.

ಇಲ್ಲೂ ಕಾನೂನು ಮೊದಲೇ ಇತ್ತು. 2012ರ ಪೋಕ್ಸೋ ಕಾಯ್ದೆ. ಅದರ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಇಂಥದ್ದು ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆ ನಡೆಸುವವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. "ಮೊದಲು ನಾವೇ ಒಳಗೊಳಗೆ ವಿಚಾರಿಸ್ತೀವಿ, ಆಮೇಲೆ ನೋಡೋಣ" ಅಂತ ಶಾಲೆ ಹೇಳುವ ಹಾಗೇ ಇಲ್ಲ. 2021ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಶಾಲಾ ಆಡಳಿತದ ಹೊಣೆಗಾರಿಕೆ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿ ಮಾಡಿ ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯ್ತು. ಮೂರು ವರ್ಷ ಅದು ಎಷ್ಟೋ ಕಡೆ ಕಡತದಲ್ಲೇ ಇತ್ತು ಅಂತ ತಾನೇ ಅರ್ಥ?

ಈ ಕ್ಷೇತ್ರದಲ್ಲಿ ವರ್ಷಗಟ್ಟಲೆ ದುಡಿದವರಿದ್ದಾರೆ. ಚೆನ್ನೈನಲ್ಲಿ ತುಳಿರ್, ಮುಂಬೈಯಲ್ಲಿ ಅರ್ಪಣ್, ನಮ್ಮ ಬೆಂಗಳೂರಿನಲ್ಲಿ ಎನ್‌ಫೋಲ್ಡ್. ಮಕ್ಕಳಿಗೆ ತಮ್ಮ ದೇಹದ ಬಗ್ಗೆ, ಬೇಡ ಅನ್ನೋದರ ಬಗ್ಗೆ, ಯಾರಿಗೆ ಹೇಳಬೇಕು ಅನ್ನೋದರ ಬಗ್ಗೆ ಕಲಿಸೋದು ಅವರ ಕೆಲಸದ ಒಂದು ಭಾಗ. ದೊಡ್ಡವರಿಗೆ ಕಲಿಸೋದು ಇನ್ನೊಂದು ಭಾಗ. ಮಗುವಿಗೆ ತೊಂದರೆ ಕೊಡುವವರು ಹೆಚ್ಚಾಗಿ ಮಗುವಿಗೆ ಪರಿಚಯ ಇರೋರೇ. ಅದಕ್ಕೇ "ಅಪರಿಚಿತರ ಹತ್ತಿರ ಹೋಗಬೇಡ" ಅನ್ನೋ ಒಂದೇ ಪಾಠ ಸಾಲದು. ಸಿಸಿಟಿವಿ ಬಗ್ಗೆಯೂ ಒಂದು ಮಾತು. ನಾವು ಅಡ್ಮಿಷನ್ ಮಾಡಿಸುವಾಗ ಮೊದಲು ಕೇಳೋದೇ ಕ್ಯಾಮೆರಾ ಇದೆಯಾ ಅಂತ. ಇರಲಿ, ಬೇಡ ಅನ್ನಲ್ಲ. ಆದರೆ ಕ್ಯಾಮೆರಾ ಆದದ್ದನ್ನು ಆಮೇಲೆ ತೋರಿಸುತ್ತೆ. ಟಾಯ್ಲೆಟ್ ಒಳಗೆ ಅದು ಇರೋದೂ ಇಲ್ಲ. ಪುಟ್ಟ ಮಕ್ಕಳ ಜೊತೆ ಟಾಯ್ಲೆಟ್‌ಗೆ ಯಾರು ಹೋಗ್ತಾರೆ ಅನ್ನೋ ಪ್ರಶ್ನೆ ಕ್ಯಾಮೆರಾಕ್ಕಿಂತ ಮುಖ್ಯ.

ಈಗ ನನ್ನ ಮಗಳ ಶಾಲೆಯ ವಿಷಯ. ಹೆಸರು ಬೇಡ. ಕಳೆದ ವರ್ಷ ಪಿಟಿಎಂ ದಿನ ಎರಡನೇ ಮಹಡಿಯಲ್ಲಿ ಕಾಯ್ತಾ ಇದ್ದೆ. ಕಾರಿಡಾರಿನ ಆ ತುದಿಯಲ್ಲಿ ಇನ್ನೊಂದು ಮೆಟ್ಟಿಲಿದೆ. ಅದರ ಮೇಲೆ ಮುರಿದ ಡೆಸ್ಕುಗಳು, ಆನುಯಲ್ ಡೇಗೆ ಮಾಡಿದ ಥರ್ಮಾಕೋಲ್ ಅರಮನೆ. ಕೆಳಗಿನ ಬಾಗಿಲಿಗೆ ಬೀಗ. ಕೋ-ಆರ್ಡಿನೇಟರ್ ಹತ್ತಿರ ಕೇಳಿದೆ. ಅವರು ಗೋಡೆಗೆ ನೇತುಹಾಕಿದ್ದ ಅಗ್ನಿಶಾಮಕ ಇಲಾಖೆಯ ಸರ್ಟಿಫಿಕೇಟ್ ತೋರಿಸಿದರು. ಸರ್ಟಿಫಿಕೇಟ್ ಸರಿಯಾಗೇ ಇತ್ತು. ಇನ್‌ಸ್ಪೆಕ್ಷನ್ ದಿನ ಆ ಮೆಟ್ಟಿಲು ಖಾಲಿ ಇದ್ದಿರಬೇಕು.

ಮನೆಗೆ ಬಂದು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಹುಬ್ಬಳ್ಳಿ ಕಡೆಯ ಒಬ್ಬರು ಫೋನ್ ಮಾಡಿದರು. "ಸುಮ್ನಿರ್ರಿ ಅಕ್ಕಾರ, ಊರು ಬಿಟ್ಟು ಊರಿಗೆ ಬಂದೀವಿ. ಸೀಟು ಸಿಕ್ಕಿದ್ದ ದೊಡ್ಡದು. ನಾಳೆ ನಮ್ಮ ಹುಡುಗನ್ನ ಗುರ್ತು ಹಿಡ್ದು ಇಟ್ಕೊಂಡ್ರ ಏನ್ ಮಾಡೂದು?"

ಅವರ ಮಾತನ್ನು ನಾನು ಹಗುರವಾಗಿ ತಗೊಳ್ಳಲ್ಲ. ಈ ಭಯ ನಮಗೆಲ್ಲ ಇದೆ. ಇಲ್ಲಿ ಶಾಲೆಯ ಗೇಟಿನ ಬೋರ್ಡು ಓದೋಕೆ ಬರಲ್ಲ. ಆಯಾ ಜೊತೆ ನಾಲ್ಕು ಮಾತಾಡೋಕೆ ಭಾಷೆ ಇಲ್ಲ. ಊರಲ್ಲಾಗಿದ್ದರೆ ಹೆಡ್‌ಮಾಸ್ಟರು ಯಾರದೋ ಚಿಕ್ಕಪ್ಪ ಆಗಿರ್ತಿದ್ದರು, ಸಂಜೆ ಮನೆಗೇ ಹೋಗಿ ಕೇಳಬಹುದಿತ್ತು. ಇಲ್ಲಿ ಕಸ್ಟಮರ್ ಕೇರ್ ಥರ ಒಂದು ಇಮೇಲ್ ಐಡಿ ಇರುತ್ತೆ, ಅಷ್ಟೇ. ಹಾಗಾಗಿ ವಲಸೆ ಬಂದ ಅಪ್ಪ ಅಮ್ಮಂದಿರು ಫೀಸ್ ಬಗ್ಗೆ ಮಾತ್ರ ಜಗಳ ಆಡ್ತೀವಿ, ಬೀಗದ ಬಗ್ಗೆ ಕೇಳಲ್ಲ.

ನಾವು ಒಬ್ಬರೇ ಕೇಳೋದು ಬೇಡ ಅಂತ ತೀರ್ಮಾನ ಮಾಡಿದೆವು. ಕ್ಲಾಸಿನ ತಮಿಳು, ತೆಲುಗು, ಮಲಯಾಳಂ ಮನೆಗಳವರನ್ನೂ ಸೇರಿಸಿಕೊಂಡೆವು. ಹನ್ನೊಂದು ಜನ ಸಹಿ ಹಾಕಿ ಒಂದು ಪುಟದ ಪತ್ರ. ದೂರಿನ ಧಾಟಿ ಇರಲಿಲ್ಲ. "ನಮ್ಮ ಆಫೀಸುಗಳಲ್ಲಿ ನಾವು ಫ್ಲೋರ್ ವಾರ್ಡನ್ ಆಗಿದ್ದೇವೆ, ಡ್ರಿಲ್ ಮಾಡಿಸೋಕೆ ಒಂದು ಶನಿವಾರ ಬಂದು ಸಹಾಯ ಮಾಡ್ತೀವಿ" ಅಂತ ಬರೆದೆವು. ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೇ ಪತ್ರಕ್ಕೆ ಪ್ರಿನ್ಸಿಪಾಲ್ ಕರೆದರು. ಮುಖ ಬಿಗಿದುಕೊಂಡೇ ಮಾತಾಡಿದರು, ಆದರೆ ದಿನಾಂಕ ಕೊಟ್ಟರು.

ಮೊದಲ ಡ್ರಿಲ್‌ನಲ್ಲಿ ಯುಕೆಜಿ ಮಕ್ಕಳು ಹೊರಗೆ ಬರೋಕೆ ಹನ್ನೊಂದು ನಿಮಿಷ ಹಿಡೀತು. ಯಾಕೆ ಗೊತ್ತಾ? ಹಿಂದಿನ ಬಾಗಿಲಿನ ಬೀಗದ ಕೈ ಇದ್ದ ಆಯಾ ಟೀ ಕುಡಿಯೋಕೆ ಹೋಗಿದ್ದರು. ಅವರದೇನೂ ತಪ್ಪಿಲ್ಲ. ಕೈ ಒಂದೇ ಇತ್ತು, ಅದನ್ನು ಇಟ್ಟುಕೋ ಅಂದಿದ್ದರು, ಯಾಕೆ ಅಂತ ಯಾರೂ ಹೇಳಿರಲಿಲ್ಲ. ಮಕ್ಕಳು ಸಾಲಾಗಿ ಚಪ್ಪಲಿ ಹಾಕಿಕೊಳ್ಳೋಕೆ ನಿಂತರು, ಅದೂ ಸ್ವಲ್ಪ ಹೊತ್ತು. ಒಂದು ತಿಂಗಳ ನಂತರ ಮತ್ತೆ ಮಾಡಿದರು. ಬೀಗ ತೆಗೆದು ಒಳಗಿಂದ ಚಿಲಕ ಹಾಕಿಸಿದ್ದರು, ಮೆಟ್ಟಿಲು ಖಾಲಿ. ನಾಲ್ಕು ನಿಮಿಷ. ಎಲ್ಲಕ್ಕಿಂತ ಮುಂದೆ ನಿಂತು ಮಕ್ಕಳನ್ನು ಇಳಿಸಿದವರು ಅದೇ ಆಯಾ. ಸರ್ಟಿಫಿಕೇಟ್ ಎರಡೂ ದಿನ ಅದೇ ಗೋಡೆ ಮೇಲಿತ್ತು.

ಹುಬ್ಬಳ್ಳಿಯವರು ಎರಡನೇ ಪತ್ರಕ್ಕೆ ಸಹಿ ಹಾಕಿದರು. ಅವರ ಹುಡುಗನನ್ನು ಯಾರೂ ಗುರುತಿಟ್ಟುಕೊಂಡಿಲ್ಲ, ಈಗ ಆರಾಮಾಗಿ ನಾಲ್ಕನೇ ಕ್ಲಾಸಿನಲ್ಲಿದ್ದಾನೆ. ಎಲ್ಲ ಶಾಲೆಯಲ್ಲೂ ಹೀಗೇ ಸಲೀಸಾಗಿ ಆಗುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಹನ್ನೊಂದು ಸಹಿ ಇರುವ ಪತ್ರವನ್ನು ಒಂದು ಮಗುವಿನ ಮೇಲೆ ತೀರಿಸಿಕೊಳ್ಳೋದು ಯಾರಿಗೂ ಸುಲಭ ಅಲ್ಲ.

ಮುಂದಿನ ಪಿಟಿಎಂಗೆ ಹೋದಾಗ ಮಾರ್ಕ್ಸ್ ಮಾತಾಡಿ ಆದಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ನಾಲ್ಕು ಪ್ರಶ್ನೆ ಕೇಳಿ.

ಒಂದು, ಕೊನೆಯ ಡ್ರಿಲ್ ಯಾವ ದಿನ ಮಾಡಿದಿರಿ, ಅತಿ ಚಿಕ್ಕ ಮಕ್ಕಳಿಗೆ ಎಷ್ಟು ನಿಮಿಷ ಬೇಕಾಯ್ತು? "ಮಾಡ್ತಾ ಇರ್ತೀವಿ" ಅನ್ನೋದು ಉತ್ತರ ಅಲ್ಲ. ದಿನಾಂಕ, ನಿಮಿಷ ಬೇಕು.

ಎರಡು, ಎರಡನೇ ಮೆಟ್ಟಿಲು, ಎರಡನೇ ಗೇಟು ಶಾಲೆ ನಡೆಯುವ ಹೊತ್ತಿನಲ್ಲಿ ತೆರೆದಿರುತ್ತಾ? ಬಾಯಲ್ಲಿ ಕೇಳಬೇಡಿ, ಹೋಗಿ ನೋಡಿ.

ಮೂರು, ಅಡುಗೆಮನೆ, ಗ್ಯಾಸ್ ಸಿಲಿಂಡರ್, ಲ್ಯಾಬಿನ ಆಸಿಡ್, ಫಿನಾಯಿಲ್ ಎಲ್ಲಿಡ್ತೀರಿ? ತರಗತಿಯಿಂದ ಎಷ್ಟು ದೂರ?

ನಾಲ್ಕು, ಪುಟ್ಟ ಮಕ್ಕಳನ್ನು ಟಾಯ್ಲೆಟ್‌ಗೆ ಯಾರು ಕರೆದುಕೊಂಡು ಹೋಗ್ತಾರೆ? ಮಗು ಏನಾದರೂ ಹೇಳಿದರೆ ಮುಂದೇನು ಮಾಡಬೇಕು ಅಂತ ಆಯಾಗೆ, ಬಸ್ ಅಟೆಂಡರ್‌ಗೆ, ವಾಚ್‌ಮನ್‌ಗೆ ಅವರ ಭಾಷೆಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದಾರಾ?

ಮನೆಯಲ್ಲಿ ಮಗುವಿಗೆ 1098 ಅನ್ನೋ ನಂಬರ್ ಕಲಿಸಿ. ಮಕ್ಕಳ ಸಹಾಯವಾಣಿ, ದೇಶದಲ್ಲಿ ಎಲ್ಲಿಂದ ಮಾಡಿದರೂ ದುಡ್ಡು ಬೇಕಿಲ್ಲ. ಹತ್ತು, ಒಂಬತ್ತು, ಎಂಟು. ನನ್ನ ಮಗಳಿಗೆ ಒಂದೇ ದಿನದಲ್ಲಿ ಬಾಯಿಪಾಠ ಆಯ್ತು. ಜೊತೆಗೆ, ಮಗು ಏನೇ ಹೇಳಿದರೂ ಮೊದಲು ನಂಬಿ, ಬೈಯಬೇಡಿ. ಅಷ್ಟಿದ್ದರೆ ಮಗು ಮುಂದಿನ ಮಾತನ್ನೂ ನಿಮ್ಮ ಹತ್ತಿರವೇ ಹೇಳುತ್ತೆ.

ಕುಂಭಕೋಣಂನ ಅಪ್ಪ ಅಮ್ಮಂದಿರು ಕಳೆದುಕೊಂಡದ್ದರ ಮೇಲೆ ಈ ನಿಯಮಗಳು ನಿಂತಿವೆ. ಕೋರ್ಟು ತನ್ನ ಪಾಲಿನ ಕೆಲಸ ಮಾಡಿದೆ, ಬರೆಯುವವರು ಬರೆದಿದ್ದಾರೆ. ನಮ್ಮ ಮಗುವಿನ ಶಾಲೆಯ ಹಿಂದಿನ ಬಾಗಿಲು ಇವತ್ತು ತೆರೆಯುತ್ತಾ ಅಂತ ದೆಹಲಿಯಿಂದ ಯಾರೂ ಬಂದು ನೋಡಲ್ಲ. ಅದನ್ನು ನಾವೇ ತಳ್ಳಿ ನೋಡಬೇಕು.