ಕ್ರೀಡಾ ಪ್ರವಾಸೋದ್ಯಮ: ಯಾರ ನೆನಪು, ಯಾರ ನೆಲ?



ಪ್ರತಿವರ್ಷ ಮಾರ್ಚ್ ತಿಂಗಳ ಮೊದಲ ಭಾನುವಾರ ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನ ಕಾಲಿಗೆ ಸ್ಕೀ ಕಟ್ಟಿಕೊಂಡು ಸೇಲೆನ್ ಎಂಬಲ್ಲಿಂದ ಮೋರಾ ಪಟ್ಟಣದವರೆಗೆ 90 ಕಿಲೋಮೀಟರ್ ಸಾಗುತ್ತಾರೆ. ಇದರ ಹೆಸರು ವಾಸಾಲೊಪ್ಪೆಟ್. 1922ರ ಮೊದಲ ಸ್ಪರ್ಧೆಯಲ್ಲಿ ಹೊರಟವರು 119 ಜನ. ಇಂದು ಸ್ಪರ್ಧಿಗಳ ಹಿಂದೆ ಅವರ ಕುಟುಂಬದವರು, ನೋಡುಗರು, ವ್ಯಾಪಾರಿಗಳು ಬರುತ್ತಾರೆ. ಆ ವಾರ ಸಣ್ಣ ಊರೊಂದು ದೊಡ್ಡ ಜಾತ್ರೆಯಾಗುತ್ತದೆ. ಆಟಕ್ಕಾಗಿ ಜನ ಊರು ಬಿಟ್ಟು ಊರಿಗೆ ಹೋಗುವ ಈ ವಿದ್ಯಮಾನ ಈಗ ವಿಶ್ವವಿದ್ಯಾಲಯಗಳಲ್ಲಿ ಒಂದು ಅಧ್ಯಯನ ಶಿಸ್ತು. ಆ ಶಿಸ್ತು ಯಾರನ್ನು ಎಣಿಸುತ್ತದೆ, ಯಾರನ್ನು ಎಣಿಕೆಯಿಂದ ಹೊರಗಿಡುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಕ್ರೀಡಾ ಪ್ರವಾಸೋದ್ಯಮದ ಅಧ್ಯಯನ ಸ್ಪಷ್ಟ ರೂಪ ಪಡೆದದ್ದು 1990ರ ದಶಕದಲ್ಲಿ. ಸ್ವೀಡನ್ನಿನ ಓಸ್ಟರ್‌ಸುಂಡ್ ನಗರದಲ್ಲಿ ಮಿಡ್ ಸ್ವೀಡನ್ ವಿಶ್ವವಿದ್ಯಾಲಯದ ಪ್ರವಾಸೋದ್ಯಮ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅದೇ ದಶಕದಲ್ಲಿ, 1997ರಲ್ಲಿ. ಮರುವರ್ಷ ವಿದ್ವಾಂಸೆ ಹೆದರ್ ಗಿಬ್ಸನ್ ಈ ಪ್ರವಾಸಿಗರನ್ನು ಮೂರು ಬಗೆಯಾಗಿ ವಿಂಗಡಿಸಿದರು: ತಾವೇ ಆಡಲು ಹೋಗುವವರು, ಆಟ ನೋಡಲು ಹೋಗುವವರು, ಆಟದ ಗತಕಾಲವನ್ನು ಕಾಣಲು ಹೋಗುವವರು. ಮೂರನೆಯದನ್ನು ಕನ್ನಡದಲ್ಲಿ ಹಳಹಳಿಕೆಯ ಪ್ರವಾಸ ಎನ್ನಬಹುದು.

ಹಳಹಳಿಕೆಯ ಪ್ರವಾಸಕ್ಕೆ ಸ್ಟಾಕ್‌ಹೋಮ್ ಒಂದು ಸೊಗಸಾದ ಉದಾಹರಣೆ ಒದಗಿಸಿದೆ. 1912ರ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಜಪಾನಿನ ಷಿಜೊ ಕನಕುರಿ ಬಿಸಿಲಿಗೆ ಬಳಲಿ, ಓಟವನ್ನು ನಡುವೆಯೇ ಬಿಟ್ಟು, ಯಾರಿಗೂ ತಿಳಿಸದೆ ಸ್ವದೇಶಕ್ಕೆ ಮರಳಿದರು. 1967ರಲ್ಲಿ ಸ್ವೀಡನ್ ಅವರನ್ನು ಮತ್ತೆ ಕರೆಸಿತು. ಎಪ್ಪತ್ತು ದಾಟಿದ ಆ ವೃದ್ಧರು ಅದೇ ಓಟವನ್ನು ಮುಗಿಸಿದರು. ಅವರ ಸಮಯ 54 ವರ್ಷ 8 ತಿಂಗಳು ಎಂದು ದಾಖಲಾಯಿತು. ಈ ಕಥೆಯಲ್ಲಿ ನೆನಪು ಓಡಿದವನದೇ. ಆದರೆ ಎಲ್ಲ ಕಡೆಯೂ ಹಾಗಿರುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಮಾರಾಟವಾಗುವ ನೆನಪು ಒಬ್ಬರದು, ಮರೆಯಾಗುವ ನೆನಪು ಇನ್ನೊಬ್ಬರದು.

ವಾಸಾಲೊಪ್ಪೆಟ್ ಅನ್ನೇ ನೋಡಿ. ಡೆನ್ಮಾರ್ಕಿನ ಅರಸನಿಂದ ತಪ್ಪಿಸಿಕೊಂಡು ಹೊರಟಿದ್ದ ಗುಸ್ತಾವ್ ವಾಸಾನನ್ನು ಮೋರಾದ ಇಬ್ಬರು ಸ್ಕೀ ಸವಾರರು ಸೇಲೆನ್‌ನಲ್ಲಿ ಹಿಡಿದು ನಿಲ್ಲಿಸಿ, ದಂಗೆಯ ನಾಯಕತ್ವಕ್ಕೆ ಮರಳಿ ಕರೆತಂದರೆಂಬುದು 1520ರ ದಶಕದ ಐತಿಹ್ಯ. ನಾಲ್ಕು ಶತಮಾನಗಳ ನಂತರ ಪತ್ರಿಕಾ ಸಂಪಾದಕ ಆಂಡರ್ಸ್ ಪೆರ್ಸ್ ಅದರ ಸ್ಮರಣೆಗೆ ಸ್ಪರ್ಧೆಯೊಂದು ಆಗಲಿ ಎಂದು ಬರೆದರು. ಇಂದಿಗೂ ಗುರಿಯ ಕಮಾನಿನ ಮೇಲಿರುವ ಘೋಷವಾಕ್ಯ ಸ್ಮರಿಸುವುದು ಪಿತೃಗಳ ಹೆಜ್ಜೆಗಳನ್ನು. ತಾಯಂದಿರ ಹೆಜ್ಜೆಗಳು ಎಲ್ಲಿ ಹೋದವು?

ಅವು ತಾವಾಗಿ ಇಲ್ಲದೆ ಹೋದವಲ್ಲ. ನಿಯಮದ ಮೂಲಕ ಅಳಿಸಲ್ಪಟ್ಟವು. 1923ರಲ್ಲಿ ಮಾರ್ಗಿಟ್ ನೂರ್ಡಿನ್ ಎಂಬ ಮಹಿಳೆ 90 ಕಿಲೋಮೀಟರ್ ಪೂರೈಸಿದರು. ಮರುವರ್ಷವೇ ಮಹಿಳೆಯರಿಗೆ ಪ್ರವೇಶ ನಿಷೇಧವಾಯಿತು. ಗೆದ್ದ ಗಂಡಸಿನ ಕೊರಳಿಗೆ ಹಾರ ಹಾಕಲು ಮಾತ್ರ ಹೆಣ್ಣು ಬೇಕಾಗಿತ್ತು. ಕೆಲವು ಮಹಿಳೆಯರು ಗಂಡಸರ ವೇಷದಲ್ಲಿ ಕದ್ದು ಸಾಗಿದರು. ಬಾಗಿಲು ಮತ್ತೆ ತೆರೆದದ್ದು 1981ರಲ್ಲಿ. ಸಮಾನತೆಗೆ ಹೆಸರಾದ ದೇಶದಲ್ಲಿ, ಅತ್ಯಂತ ಜನಪ್ರಿಯ ಓಟದಿಂದ ಅರ್ಧ ಸಮಾಜವನ್ನು ಐವತ್ತೇಳು ವರ್ಷ ಹೊರಗಿಡಲು ಸಾಧ್ಯವಾಯಿತು. ಆ ಅವಧಿಯಲ್ಲಿ ಬಂದವರ ಸಂಖ್ಯೆಯನ್ನು, ಮಾಡಿದ ಖರ್ಚನ್ನು ಎಷ್ಟೇ ನಿಖರವಾಗಿ ಕೂಡಿಸಿದರೂ ಈ ಸಂಗತಿ ಮೊತ್ತದಲ್ಲಿ ಕಾಣುವುದಿಲ್ಲ. ಬಾರದಂತೆ ತಡೆದವರಿಗೆ ಲೆಕ್ಕದಲ್ಲಿ ಕಾಲಂ ಇರುವುದಿಲ್ಲ.

ನೆನಪಿನಂತೆಯೇ ನೆಲದ ಪ್ರಶ್ನೆ. ಮೈಕ್ ವೀಡ್ ಮತ್ತು ಕ್ರಿಸ್ ಬುಲ್ ಎಂಬ ವಿದ್ವಾಂಸರು ಕ್ರೀಡಾ ಪ್ರವಾಸವೆಂದರೆ ಚಟುವಟಿಕೆ, ಜನ, ಸ್ಥಳ ಈ ಮೂರರ ವಿಶಿಷ್ಟ ಒಡನಾಟ ಎಂದು ವಿವರಿಸಿದರು. ಉಪಯುಕ್ತ ಸೂತ್ರವಿದು. ಆದರೆ ಸ್ಥಳವೆಂದರೆ ಬರಿಯ ಹಿಮ ಮತ್ತು ಇಳಿಜಾರಲ್ಲ. ಪರ್ವತ ಸ್ಕೀಯಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ 2007ರಲ್ಲೂ 2019ರಲ್ಲೂ ನಡೆದ ಓರೆ ಪಟ್ಟಣದ ಸುತ್ತಲ ಬೆಟ್ಟಗಳು ಸಾಮಿ ಆದಿವಾಸಿಗಳು ಹಿಮಸಾರಂಗ ಮೇಯಿಸುವ ನಾಡು. ವಸಂತದಲ್ಲಿ, ಮರಿ ಹಾಕುವ ಕಾಲಕ್ಕೆ, ಸಾರಂಗಗಳು ಮನುಷ್ಯರ ಓಡಾಟಕ್ಕೆ ಬೆದರಿ ದೂರ ಸರಿಯುತ್ತವೆ. ಪ್ರವಾಸಿಗೆ ಖಾಲಿ ಕಂಡ ಬೆಟ್ಟ ಸಾಮಿ ಪಶುಪಾಲಕನಿಗೆ ಖಾಲಿಯಲ್ಲ. ಅದು ಅವನ ಹಟ್ಟಿ.

ಬೇಟೆ ಮತ್ತು ಮೀನುಗಾರಿಕೆಗೆ ಬರುವವರೂ ಕ್ರೀಡಾ ಪ್ರವಾಸಿಗರೇ. ಸಾಮಿ ನೆಲದಲ್ಲಿ ಅವರಿಗೆ ಪರವಾನಗಿ ಕೊಡುವ ಹಕ್ಕು ಸರ್ಕಾರದ್ದೋ ಸಾಮಿಗಳದ್ದೋ ಎಂದು ಯೆಲ್ಲಿವಾರೆಯ ಗಿರ್ಯಾಸ್ ಸಾಮಿ ಸಮುದಾಯ ದೀರ್ಘಕಾಲ ದಾವೆ ನಡೆಸಿತು. ಆ ಸಮುದಾಯದ ಪ್ರದೇಶದಲ್ಲಿ ಸಣ್ಣ ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಇತರರಿಗೆ ಕೊಡುವ ಅಧಿಕಾರ ಸಮುದಾಯದ್ದೇ ಎಂದು 2020ರ ಜನವರಿಯಲ್ಲಿ ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಪ್ರವಾಸಿ ಎಷ್ಟು ಹಣ ತಂದ ಎಂಬುದಕ್ಕಿಂತ ಮೊದಲು ಅವನನ್ನು ಬರಮಾಡಿಕೊಳ್ಳುವ ಹಕ್ಕು ಯಾರದು ಎಂದು ಕೇಳಬೇಕೆಂಬುದು ಈ ತೀರ್ಪು ಕಲಿಸುವ ಪಾಠ.

ದೂರದ ಹಿಮನಾಡಿನ ಕುರಿತು ಇಷ್ಟು ಹೇಳಿ ಸುಮ್ಮನಾದರೆ ಅನಿವಾಸಿ ಕನ್ನಡಿಗರಿಗೆ ಹಿತವೆನಿಸೀತು. ಆದರೆ ಇದೇ ಅಳತೆಗೋಲು ಕನ್ನಡನಾಡಿಗೂ ಅನ್ವಯಿಸಬೇಕು. ಕರಾವಳಿಯ ಕಂಬಳ ಗದ್ದೆಯ ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಆಟ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದು ಕಾನೂನಿನ ತೊಡಕಿಗೆ ಸಿಲುಕಿತು. ರಾಜ್ಯವು ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಗದ್ದೆಯ ಆಟ ನಗರದ ನೋಡುಗರಿಗಾಗಿ ಪ್ರಯಾಣ ಮಾಡಿತು.

ಈ ವ್ಯಾಜ್ಯದುದ್ದಕ್ಕೂ ಚರ್ಚೆಯ ಕೇಂದ್ರದಲ್ಲಿದ್ದದ್ದು ಕೋಣಗಳ ನೋವು ಮತ್ತು ಸಂಸ್ಕೃತಿಯ ಹೆಮ್ಮೆ. ಕೊರಗರ ಪ್ರಶ್ನೆ ಬದಿಯಲ್ಲೇ ಉಳಿಯಿತು. ಕಂಬಳದ ಹಿಂದಿನ ರಾತ್ರಿ ಡೋಲು ಬಾರಿಸುತ್ತ ಜಾಗರಣೆ ಮಾಡಬೇಕಾದವರು, ಕರೆಯಲ್ಲಿ ಮುಳ್ಳು ಗಾಜುಗಳಿವೆಯೇ ಎಂದು ತಿಳಿಯಲು ಕೋಣಗಳಿಗಿಂತ ಮುಂದೆ ಓಡಬೇಕಾದವರು ಒಂದು ಕಾಲದಲ್ಲಿ ಅವರೇ. ಕೋಣದ ಪಾದಕ್ಕಿದ್ದ ಬೆಲೆ ಮನುಷ್ಯನ ಪಾದಕ್ಕಿರಲಿಲ್ಲ. ಕೊರಗರನ್ನು ಹೀಗೆ ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕಕ್ಕೆ 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಪರಂಪರೆಯ ಹೆಸರಿನಲ್ಲಿ ಕಂಬಳವನ್ನು ಪ್ರವಾಸಿಗೆ ತೋರಿಸುವಾಗ ಈ ಭಾಗವನ್ನು ಬಿಟ್ಟು ತೋರಿಸಿದರೆ ಅದು ಪರಂಪರೆಯ ಅರ್ಧ ಮಾತ್ರ.

ಇದರರ್ಥ ಆಟಗಳನ್ನು ನಿಲ್ಲಿಸಬೇಕೆಂದಲ್ಲ. 1981ರ ನಂತರ ವಾಸಾಲೊಪ್ಪೆಟ್ ಕುಗ್ಗಲಿಲ್ಲ, ಬೆಳೆಯಿತು. ಹೊರಗಿಟ್ಟವರನ್ನು ಒಳಗೆ ಕರೆದುಕೊಂಡ ಆಟಕ್ಕೆ ಯಾವ ನಷ್ಟವೂ ಆಗದು. ಆದರೆ ಒಳಗೆ ಕರೆಯಬೇಕಾದರೆ ಮೊದಲು ಹೊರಗಿದ್ದವರು ಯಾರೆಂಬುದು ದಾಖಲಾಗಬೇಕು. ಅದು ಸಂಶೋಧಕರ ಕೆಲಸ. ಬಂದವರ ತಲೆ ಎಣಿಸುವುದರ ಜೊತೆಗೆ ಅವರು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಆಟದ ನೆನಪು ಯಾರದು? ಈ ನೆಲ ಯಾರದು? ಈ ಕರೆಗೆ ಇಳಿಯದಂತೆ, ಅಥವಾ ಅವಮಾನಕ್ಕಾಗಿಯೇ ಇಳಿಯುವಂತೆ, ಯಾರನ್ನು ಮಾಡಲಾಗಿತ್ತು?

ಊರು ಬಿಟ್ಟು ಬಂದವರಿಗೆ ಹಳಹಳಿಕೆ ಸಹಜ. ಕಂಬಳದ ವಿಡಿಯೋ ನೋಡಿ ಸ್ಟಾಕ್‌ಹೋಮಿನ ಚಳಿಯಲ್ಲಿ ಕಣ್ಣು ತೇವವಾಗುವುದೂ ಸಹಜ. ಆ ನೆನಪು ಪ್ರಾಮಾಣಿಕವಾಗಬೇಕಾದರೆ ಅದರಲ್ಲಿ ಕೋಣಗಳ ಮುಂದೆ ಓಡಿದವನಿಗೂ ಜಾಗವಿರಬೇಕು.