ಚುಕ್ಕಿ ಸರಿಸುವ ಮುನ್ನ

ಹೈದರಾಬಾದಿನ ಜೀಡಿಮೆಟ್ಲಾ ಕಾರ್ಖಾನೆಗಳ ಪ್ರದೇಶ. ಔಷಧಿ ಘಟಕಗಳೂ ಅಲ್ಲಿವೆ. ಅಲ್ಲಿನ ಮಕ್ಕಳಿಗೆ ಹೊಂದುವ ಒಂದು ಲೆಕ್ಕ: 4.5 ಗ್ರಾಂ ಔಷಧಿಯಲ್ಲಿ 0.15 ಗ್ರಾಮಿನ ಮಾತ್ರೆಗಳು ಎಷ್ಟಾಗುತ್ತವೆ? ಉತ್ತರ 30. ಅನೇಕ ಮಕ್ಕಳು ಇದನ್ನು ನಂಬುವುದೇ ಇಲ್ಲ. ಭಾಗಿಸಿದ ಮೇಲೆ ಸಂಖ್ಯೆ ಚಿಕ್ಕದಾಗಬೇಕಲ್ಲವೇ?

ಅವರ ಅನುಮಾನ ನ್ಯಾಯವಾದದ್ದೇ. ಅಲ್ಲಿಯವರೆಗೆ ಅವರು ಕಂಡ ಭಾಗಾಕಾರವೆಲ್ಲ ಹಂಚಿಕೆ. ಇಲ್ಲಿ ಮಾತ್ರ ಕೇಳುತ್ತಿರುವುದು ‘ಎಷ್ಟು ಸಲ ಅಡಕವಾಗುತ್ತದೆ’ ಎಂದು. ಗ್ರಾಮನ್ನು ಮಿಲಿಗ್ರಾಮಿಗೆ ಇಳಿಸಿದರೆ 4500ರಲ್ಲಿ 150 ಎಷ್ಟು ಸಲ ಎಂಬಷ್ಟೇ ಪ್ರಶ್ನೆ. ದಶಮಾಂಶದ ಚುಕ್ಕಿ ತಾನಾಗಿಯೇ ಮಾಯ. ಎರಡೂ ಸಂಖ್ಯೆಗಳನ್ನು 1000ದಿಂದ ಗುಣಿಸಿದ್ದರಿಂದ ಉತ್ತರ ಬದಲಾಗದು. ‘ಚುಕ್ಕಿ ಬಲಕ್ಕೆ ಸರಿಸು’ ಎಂದು ಬಾಯಿಪಾಠ ಮಾಡಿಸುವ ಮೊದಲು ಇಷ್ಟು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ಭಿನ್ನರಾಶಿಯ ದಾರಿಯೂ ಉಂಟು. 0.15 ಎಂದರೆ 3/20. ಅದನ್ನು ತಲೆಕೆಳಗು ಮಾಡಿ ಗುಣಿಸಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಈ ಕ್ರಮ ಹೇಳಿದ್ದ.

ಹಣದ ಲೆಕ್ಕದಲ್ಲಿ ಹಿರಿಯರ ಪಾಡು ಬೇರೆಯೇ ಇತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಿಜಾಮರ ಆಳ್ವಿಕೆಯ ಕಲಬುರಗಿ, ಬೀದರ್, ರಾಯಚೂರಿನಲ್ಲಿ ‘ಹಾಲಿ ಸಿಕ್ಕಾ’ ಎಂಬ ಬೇರೆಯೇ ರೂಪಾಯಿ: ಸುಮಾರು 7 ಹಾಲಿ ರೂಪಾಯಿಗೆ 6 ಬ್ರಿಟಿಷ್ ರೂಪಾಯಿ! 25 ಪೈಸೆಯವರೆಗಿನ ನಾಣ್ಯಗಳು 2011ರಲ್ಲಿ ಚಲಾವಣೆಯಿಂದ ಹೋದವು. ಹಾಗಾಗಿ ಇಂದಿನ ಮಕ್ಕಳಿಗೆ ಚುಕ್ಕಿ ಕಾಣಸಿಗುವುದು ಪೆಟ್ರೋಲ್ ಬಂಕಿನಲ್ಲಿ, ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಪಾಠ ಅಲ್ಲಿಂದಲೂ ಶುರುವಾಗಬಹುದು.