ಕಿಡಿಯ ಲೆಕ್ಕ



ಮಾಳಿಗೆಯ ಮೇಲೆ ಆಂಟೆನಾ ಕಟ್ಟಿ ಟಿ.ವಿ. ನೋಡುತ್ತಿದ್ದ ದಿನಗಳು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವಾರ್ತೆ ನಡೆಯುತ್ತಿರುವಾಗ ಬೀದಿಯಲ್ಲಿ ಒಂದು ಹಳೆಯ ಸ್ಕೂಟರು ಹಾದುಹೋದರೆ ಸಾಕು, ತೆರೆಯ ಮೇಲೆ ಬಿಳಿಯ ಚುಕ್ಕೆಗಳ ಸಾಲು ಹರಿಯುತ್ತಿತ್ತು. ಆಂಟೆನಾ ತಿರುಗಿಸಲು ನಮ್ಮ ತಂದೆ ನನ್ನನ್ನು ಮೇಲಕ್ಕೆ ಅಟ್ಟುತ್ತಿದ್ದರು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಸ್ಕೂಟರು ಮರೆಯಾಗಿ ಚಿತ್ರ ತಾನಾಗಿ ಸರಿಹೋಗಿರುತ್ತಿತ್ತು. ತಪ್ಪು ಆಂಟೆನಾದ್ದಲ್ಲ, ಎಂಜಿನ್ನಿನೊಳಗೆ ಹಾರುತ್ತಿದ್ದ ಕಿಡಿಯದು ಎಂದು ತಿಳಿದದ್ದು ಮುಂದೆ ಬಿ.ಎಸ್ಸಿ. ತರಗತಿಯಲ್ಲಿ ಭೌತಶಾಸ್ತ್ರ ಓದಿದಾಗ. ಇಂದು ನಾನು ಮಾತನಾಡಬೇಕೆಂದಿರುವುದು ಆ ಕಿಡಿಯ ಬಗ್ಗೆಯೇ.

ಚಿಕ್ಕಮಗಳೂರಿನ ಕಡೆ ಇರುವ ನನ್ನ ಭಾವಮೈದುನನಿಗೆ ರ‍್ಯಾಲಿಯ ಹುಚ್ಚು. ಕಾರ್ಬುರೇಟರ್ ಕಾಲದ ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಕೊಂಡು, ಬಿಡುವು ಸಿಕ್ಕಾಗಲೆಲ್ಲ ಅದರ ಎಂಜಿನ್ ಬಿಚ್ಚುವುದೇ ಅವನ ಕೆಲಸ. ಗಾಡಿ ಏರಿನಲ್ಲಿ ಸ್ವಲ್ಪ ಮಿಸ್ ಹೊಡೆಯುತ್ತಿತ್ತು. ಯಾರೋ ಹೇಳಿದರೆಂದು, ತಿಂಗಳ ಸಂಬಳದ ಅರ್ಧದಷ್ಟು ಹಣ ಕೊಟ್ಟು 'ನಲವತ್ತು ಸಾವಿರ ವೋಲ್ಟ್' ಎಂದು ಬರೆದಿದ್ದ ಕಾಯಿಲ್ ತಂದು ಹಾಕಿದ. ಕಾಯಿಲ್ ದೊಡ್ಡದಾದರೆ ಕಿಡಿಯೂ ದೊಡ್ಡದಾಗಬೇಕಲ್ಲವೇ ಎಂದು ಸ್ಪಾರ್ಕ್ ಪ್ಲಗ್ಗುಗಳ ಅಂತರವನ್ನೂ ಅಗಲಿಸಿದ. ವೈರುಗಳು ಮಾತ್ರ ಹಳೆಯವೇ ಉಳಿದವು.

ಎರಡು ದಿನಗಳ ನಂತರ ಮೂಡಿಗೆರೆಯ ದಾರಿಯಲ್ಲಿ ನಾವೆಲ್ಲ ಅದೇ ಕಾರಿನಲ್ಲಿದ್ದೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಮಗಳು. ಏರಿನಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದನ್ನು ಹಿಂದೆ ಹಾಕಲು ಅವನು ಆಕ್ಸಿಲರೇಟರ್ ಒತ್ತಿದ. ಲಾರಿಯ ಅರ್ಧಕ್ಕೆ ಬಂದಾಗ ಎಂಜಿನ್ ತಡವರಿಸಿತು, ಕೆಮ್ಮಿತು, ವೇಗ ಕುಸಿಯಿತು. ತಿರುವಿನಲ್ಲಿ ಎದುರಿನಿಂದ ಬಸ್ಸು. ಅವನು ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದಕ್ಕೆ ಸೇರಿಕೊಂಡ. ಬಸ್ಸು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಹಾಗಾದರೆ ಆದದ್ದೇನು? ಸ್ವಲ್ಪ ವಿಜ್ಞಾನ ನೋಡೋಣ.

ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಕಾಯಿಲಿನೊಳಗೆ ಎರಡು ತಂತಿ ಸುರುಳಿಗಳಿವೆ: ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಅದರ ಸುಮಾರು ನೂರು ಪಟ್ಟು. ಮೊದಲ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಅಲ್ಲಿ ಕಟ್ಟಿದ್ದ ಕಾಂತಕ್ಷೇತ್ರ ಕುಸಿದು, ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ, ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ವ್ಯವಸ್ಥೆಯ ತತ್ತ್ವ ಇದೇ. ಇಂದಿಗೂ ಮೂಲತತ್ತ್ವ ಬದಲಾಗಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಕಾಯಿಲಿನ ಮೇಲೆ ನಲವತ್ತು ಸಾವಿರ ಎಂದು ಬರೆದಿದ್ದರೆ ಪ್ರತಿ ಕಿಡಿಗೂ ನಲವತ್ತು ಸಾವಿರ ವೋಲ್ಟ್ ಹೋಗುತ್ತದೆ ಎಂದಲ್ಲ. ವೋಲ್ಟೇಜು ಸೊನ್ನೆಯಿಂದ ಏರುತ್ತಾ ಹೋಗುತ್ತದೆ. ಪ್ಲಗ್ಗಿನ ಅಂತರವನ್ನು ಯಾವ ಮಟ್ಟದಲ್ಲಿ ಕಿಡಿ ದಾಟುತ್ತದೋ ಅಲ್ಲಿಗೆ ಏರಿಕೆ ನಿಲ್ಲುತ್ತದೆ. ಹದಿನೈದು ಸಾವಿರಕ್ಕೆ ದಾಟಿದರೆ ಉಳಿದ ಇಪ್ಪತ್ತೈದು ಸಾವಿರಕ್ಕೆ ಕೆಲಸವೇ ಇಲ್ಲ. ಬಾವಿ ಎಷ್ಟೇ ಆಳವಿರಲಿ, ಕೊಡ ತುಂಬುವುದು ಕೊಡದಷ್ಟೇ. ಮಿಶ್ರಣಕ್ಕೆ ಸರಿಯಾಗಿ ಬೆಂಕಿ ಹತ್ತುತ್ತಿರುವ ಎಂಜಿನ್ನಿಗೆ ದೊಡ್ಡ ಕಾಯಿಲ್ ಹಾಕಿದರೆ ಹೇಳಿಕೊಳ್ಳುವಂಥ ಹೆಚ್ಚಿನ ಶಕ್ತಿ ಬರುವುದಿಲ್ಲ.

ಕಿಡಿ ದಾಟಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಅಂತರ, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಜರ್ಮನಿಯ ಪಾಶೆನ್ 1889ರಲ್ಲಿ ತೋರಿಸಿಕೊಟ್ಟರು. ನಮ್ಮ ಹುಡುಗ ಅಂತರ ಹೆಚ್ಚಿಸಿದ್ದ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನ ಒತ್ತಡವೂ ಹೆಚ್ಚಿತು. ಬೇಡಿಕೆ ಏರಿತು. ಹೊಸ ಕಾಯಿಲ್ ಅದನ್ನು ಕೊಡಲು ಸಿದ್ಧವಾಗಿಯೇ ಇತ್ತು. ಆದರೆ ವಿದ್ಯುತ್ತು ಸುಲಭದ ದಾರಿ ಹುಡುಕುತ್ತದೆ. ಹಳೆಯ ವೈರಿನ ಬಿರುಕು ಬಿಟ್ಟ ರಬ್ಬರು ಅದಕ್ಕೆ ಪ್ಲಗ್ಗಿಗಿಂತ ಸುಲಭವಾಯಿತು.

ಆ ರಾತ್ರಿ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಷೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿದರು. ಮೂರನೆಯ ವೈರಿನಿಂದ ಎಂಜಿನ್ನಿನ ಲೋಹಕ್ಕೆ ನೀಲಿ ಮಿಂಚು ಟಿಕ್ ಟಿಕ್ ಎಂದು ಹಾರುತ್ತಿತ್ತು. "ನೋಡಪ್ಪಾ, ನಿನ್ನ ದುಡ್ಡು ಇಲ್ಲಿ ಸೋರ‍್ತಾ ಇದೆ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ನಮ್ಮ ಕಥೆ. ಈ ಪರೀಕ್ಷೆಯನ್ನು ನೀವೂ ಮಾಡಬಹುದು. ಆದರೆ ಚಾಲೂ ಇರುವ ಎಂಜಿನ್ನಿನ ವೈರುಗಳನ್ನು ಮುಟ್ಟಲೇಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ನಿಲ್ಲುವುದೇ ಬೇಡ.

ಮರುದಿನ ಭಾವಮೈದುನ ತಾಮ್ರದ ಎಳೆಯ ವೈರುಗಳನ್ನು ತಂದ. "ಭಾವ, ಇದರಲ್ಲಿ ರೆಸಿಸ್ಟೆನ್ಸೇ ಇಲ್ಲ, ಕರೆಂಟು ಪೂರ್ತಿ ಹೋಗುತ್ತೆ" ಎಂದ. ಮಿಸ್ ಹೊಡೆಯುವುದು ನಿಂತಿತು. ಆದರೆ ಕಾರಿನ ರೇಡಿಯೋ ಹಚ್ಚಿದರೆ ಹಾಡಿನ ಬದಲು ಕಡಲೆ ಹುರಿದಂಥ ಸದ್ದು! ನನಗೆ ಹಳೆಯ ಸ್ಕೂಟರಿನ ನೆನಪಾಯಿತು. 1887ರಲ್ಲಿ ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಹುಟ್ಟಿಸಿದ್ದು ಇಂಥದೇ ಸುರುಳಿ ಮತ್ತು ಕಿಡಿಯಿಂದ. ಪ್ರತಿ ಪೆಟ್ರೋಲ್ ಎಂಜಿನ್ನೂ ಒಂದು ಸಣ್ಣ ಪ್ರಸಾರ ಕೇಂದ್ರ. ಅದರ ಬಾಯಿ ಮುಚ್ಚಿಸಲೆಂದೇ ವೈರುಗಳಲ್ಲಿ ರೋಧ ಇಟ್ಟಿರುತ್ತಾರೆ.

ಆ ರೋಧದಿಂದ ಕಿಡಿ ಸೊರಗುವುದಿಲ್ಲವೇ? ಲೆಕ್ಕ ಹಾಕಿ. ಕಿಡಿ ಹಾರುವ ಮುನ್ನ ವೈರಿನಲ್ಲಿ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಷ್ಟವೂ ಅತ್ಯಲ್ಪ. ಹಾರಿದ ಮೇಲೆ ಹರಿಯುವುದು ಹತ್ತಾರು ಮಿಲಿ ಆಂಪಿಯರ್. 50 ಮಿಲಿ ಆಂಪಿಯರನ್ನು 10,000 ಓಮ್‌ನಿಂದ ಗುಣಿಸಿದರೆ 500 ವೋಲ್ಟ್. ಸಾವಿರಗಳ ಲೆಕ್ಕದಲ್ಲಿ ಇದು ಸಣ್ಣ ಮೊತ್ತ. ಸಿಲಿಕೋನ್ ಹೊದಿಕೆಯ, ಸುರುಳಿ ಎಳೆಯ ವೈರುಗಳಲ್ಲಿ ರೋಧವೂ ಕಡಿಮೆ, ರೇಡಿಯೋಗೆ ತೊಂದರೆಯೂ ಕಡಿಮೆ. ಕೊನೆಗೆ ನಾವು ಹಾಕಿಸಿದ್ದು ಅವನ್ನೇ. ದಪ್ಪ ವೈರು ಎಂದರೆ ಬಹುಪಾಲು ದಪ್ಪ ಹೊದಿಕೆ ಎಂಬುದೂ ನೆನಪಿರಲಿ. ಶಾಖ ತಡೆಯಲು ಅದು ಒಳ್ಳೆಯದು, ಆದರೆ ಅದರಿಂದ ಶಕ್ತಿ ಹೆಚ್ಚುವುದಿಲ್ಲ.

ಹಾಗಾದರೆ ದೊಡ್ಡ ಕಾಯಿಲ್ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಟರ್ಬೋ ಅಳವಡಿಸಿದ, ಸಂಪೀಡನ ಹೆಚ್ಚಿಸಿದ ಎಂಜಿನ್ನುಗಳಲ್ಲಿ ಒತ್ತಡ ಬಹಳ. ಅಲ್ಲಿ ಮೂಲ ಕಾಯಿಲ್ ಸೋಲಬಹುದು. ವೇಗವೂ ಒಂದು ಕಾರಣ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೇ ಕಾಯಿಲ್ ಸೆಕೆಂಡಿಗೆ 200 ಕಿಡಿ ಕೊಡಬೇಕು. ಒಂದೊಂದಕ್ಕೆ ಸಿಗುವುದು 5 ಮಿಲಿ ಸೆಕೆಂಡು. ಅಷ್ಟರಲ್ಲಿ ತೊಟ್ಟಿ ತುಂಬಿ ಖಾಲಿಯಾಗಬೇಕು. ತುಂಬದಿದ್ದರೆ ಕಿಡಿ ದುರ್ಬಲ. ಹೊಸ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂರಿಸಿರುವುದರಿಂದ ಈ ಸಮಯ 20 ಮಿಲಿ ಸೆಕೆಂಡಿಗೆ ಏರುತ್ತದೆ. ಉದ್ದ ವೈರುಗಳ ತೊಂದರೆಯೂ ಇಲ್ಲ. ಅಂಥ ಕಾರುಗಳಲ್ಲಿ ಕಾಯಿಲ್ ತುಂಬುವ ಸಮಯವನ್ನು ಎಂಜಿನ್ನಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಅದಕ್ಕೆ ಹೊಂದದ ಕಾಯಿಲ್ ಹಾಕಿದರೆ ಕಾಯಿಲೋ ಅದನ್ನು ನಡೆಸುವ ಸರ್ಕಿಟ್ಟೋ ಸುಟ್ಟುಹೋಗಬಹುದು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಪ್ಲಗ್ಗು, ಅದರ ಅಂತರ. ಆಮೇಲೆ ವೈರುಗಳು, ಡಿಸ್ಟ್ರಿಬ್ಯೂಟರಿನ ಮುಚ್ಚಳ. ಇವೆಲ್ಲ ಸರಿಯಿದ್ದೂ ಪೂರ್ಣ ಭಾರದಲ್ಲಿ ಕಿಡಿ ತಪ್ಪುತ್ತಿದ್ದರೆ ಕೊನೆಗೆ ಕಾಯಿಲ್.

ಹೊಸ ವೈರು ಹಾಕಿ, ಪ್ಲಗ್ಗಿನ ಅಂತರವನ್ನು ಕೈಪಿಡಿಯ ಅಳತೆಗೆ ತಂದ ಮೇಲೆ ಆ ಮೆಕ್ಯಾನಿಕ್ ಹಳೆಯ ಕಾಯಿಲನ್ನೇ ಮತ್ತೆ ಜೋಡಿಸಿಕೊಟ್ಟರು. ಅದೇ ಏರನ್ನು ಕಾರು ಒಮ್ಮೆಯೂ ಕೆಮ್ಮದೆ ಹತ್ತಿತು. ಆ ದಿನ ಕಾರಿನಲ್ಲಿದ್ದವರು ನಾವಿಬ್ಬರೇ. ಮಗಳನ್ನು ಕೂರಿಸಿಕೊಳ್ಳಲು ನನಗೆ ಇನ್ನೂ ಧೈರ್ಯ ಬಂದಿರಲಿಲ್ಲ. ನಲವತ್ತು ಸಾವಿರದ ಕಾಯಿಲ್ ಇಂದಿಗೂ ಷೆಡ್ಡಿನ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ.